ಖಾಲಿ ಮೂಲೆ

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಇದನ್ನು ಈ ಟೆಕ್ಸಾಸಿನಲ್ಲಿ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಗಿದೆ. ಹಿಂದೂ ಎಂದ ಕೂಡಲೇ ಬೆಂಕಿ ಎಂದು ಇಲ್ಲಿನವರು ಕಲಿತುಬಿಟ್ಟಿದ್ದಾರೆ. ಅವರನ್ನೇನು ಅನ್ನುವುದು, ಬೆಂಗಳೂರು, ಮೈಸೂರಿನ ನಮ್ಮದೇ ಸ್ನೇಹಿತರೂ ಹಾಗೇ ತಿಳಿದಿದ್ದರು. ಧಾರವಾಡ ಸೀಮೆಯ ಲಿಂಗಾಯತರಾದ ನಾವು ಸತ್ತವರನ್ನು ಕೂಡಿಸುತ್ತೇವೆ. ಕುಣಿ ತೋಡಿ, ಅದರ ಗೋಡೆಯಲ್ಲಿ ಒಂದು ಗೂಡು ಕೊರೆದು, ಗೂಡಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂಡಿಸಿ, ಎಡಗೈಯಲ್ಲಿ ಅವರ ಕೊರಳಿನ ಲಿಂಗವನ್ನಿಟ್ಟು, ವಿಭೂತಿ, ಪತ್ರಿ, ಉಪ್ಪು ಹಾಕಿ ಮಣ್ಣು ಕೊಡುತ್ತೇವೆ. ಬೆಳಿಗ್ಗೆ ಪೂಜೆಗೆ ಕೂತ ಹಾಗೆಯೇ ಮನುಷ್ಯ ಕೊನೆಗೂ ಕೂತಿರಬೇಕು. ನನ್ನ ಗಂಡನನ್ನು ಹಾಗೆ ಕೂಡಿಸಲು ಒಂದು ತುಂಡು ನೆಲಕ್ಕಾಗಿ ನಾನು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಬರೆದರೆ ಹಗುರಾಗುತ್ತದೆ ಎಂದು ಮಗಳು ಹೇಳಿದಳು. ಆಗುವ ಲಕ್ಷಣವೇನೂ ಇನ್ನೂ ಕಂಡಿಲ್ಲ.

ಇವರು ಮಣ್ಣಿನ ಎಂಜಿನಿಯರ್. ಡಾಲಸ್ ಸುತ್ತಮುತ್ತ ಯಾರದಾದರೂ ಮನೆಯ ಗೋಡೆ ಬಿರುಕು ಬಿಟ್ಟರೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡರೆ ಇವರನ್ನು ಕರೆಯುತ್ತಿದ್ದರು. ಇಲ್ಲಿಯ ನೆಲವೂ ನವಲಗುಂದದ ಕಡೆಯ ಹಾಗೆ ಎರೆನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಒಂದು ಕಾಲಕ್ಕೆ ಇಲ್ಲೆಲ್ಲ ಹತ್ತಿ ಬೆಳೆಯುತ್ತಿದ್ದರಂತೆ. ಈಗ ಆ ಹೊಲಗಳ ಮೇಲೆ ಮನೆ ಕಟ್ಟಿಕೊಂಡು, ಅಡಿಪಾಯ ಒಣಗಬಾರದೆಂದು ಮನೆಯ ಸುತ್ತ ಪೈಪು ಹಾಸಿ ನೀರು ಬಿಡುತ್ತಾರೆ. ಗಿಡಕ್ಕೆ ನೀರು ಹಾಕುವವರನ್ನು ಕಂಡಿದ್ದೆ, ಮನೆಗೆ ನೀರು ಹಾಕುವವರನ್ನು ಕಂಡದ್ದು ಇಲ್ಲಿಯೇ. ಡಾಲಸ್ ಪಕ್ಕದ ಕಾಪೆಲ್‌ನ ಮನೆಗೆ ಬಂದ ಹೊಸದರಲ್ಲಿ ಇವರು ಹಿತ್ತಲಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದು, ನೋಡು, ನಮ್ಮೂರೇ ಸಿಕ್ಕಿತು ಎಂದು ಹಿಗ್ಗಿದ್ದರು. ಮೊದಲು ಕೈ ತೊಳೀರಿ ಎಂದೆ ನಾನು.

ನಮ್ಮ ಮನೆಯಿಂದ ಉತ್ತರಕ್ಕೆ ಅರ್ಧ ಗಂಟೆ ಡ್ರೈವ್ ಮಾಡಿದರೆ, ಹೊಸ ಬಡಾವಣೆಯೊಂದಕ್ಕೂ ಶಾಪಿಂಗ್ ಸೆಂಟರಿಗೂ ನಡುವೆ ಒಂದು ಹಳೆಯ ಸ್ಮಶಾನವಿದೆ. ಕೆಂಟಕಿ, ಟೆನೆಸ್ಸೀ ಕಡೆಯಿಂದ ಎತ್ತಿನ ಗಾಡಿಗಳಲ್ಲಿ ಬಂದು ಈ ಹುಲ್ಲುಗಾವಲಿಗೆ ನೇಗಿಲು ಹೂಡಿದ ಬಿಳಿಯರು ಅಲ್ಲಿ ಮಲಗಿದ್ದಾರೆ. ಕಲ್ಲುಗಳಲ್ಲಿ ಅರ್ಧಕ್ಕರ್ಧ ಮಕ್ಕಳವು. ಹೆಸರಿಡುವ ಮೊದಲೇ ಹೋದ ಕೂಸುಗಳಿಗೂ ಮೊಳದುದ್ದದ ಕಲ್ಲು ನಿಲ್ಲಿಸಿದ್ದಾರೆ. ಬದುಕೇನೂ ಸುಲಭವಿರಲಿಲ್ಲ ಅವರಿಗೆ. ಗೇಟಿನ ಬಳಿಯ ಬೋರ್ಡಿನಲ್ಲಿ ಇವರೇ ಈ ಸೀಮೆಯ ಮೊದಲ ನಿವಾಸಿಗಳು ಎಂದು ಬರೆದಿದೆ. ಎರೆಮಣ್ಣು ಬೋರ್ಡು ಓದುವುದಿಲ್ಲ, ವರ್ಷಕ್ಕಿಷ್ಟು ಎಂದು ಎಲ್ಲ ಕಲ್ಲುಗಳನ್ನೂ ವಾಲಿಸುತ್ತಲೇ ಇರುತ್ತದೆ. ವಾಲಿದ ಕಲ್ಲುಗಳಿಗೆ ಏನು ಮಾಡಬಹುದು ಎಂದು ಕೇಳಲು ಅಲ್ಲಿನ ಕಮಿಟಿಯವರು ಇವರನ್ನು ಒಮ್ಮೆ ಕರೆದರು. ಅಷ್ಟೇ ಸಾಕಾಯಿತು. ಆಮೇಲೆ ಶನಿವಾರವೆಂದರೆ ಇವರು ಅಲ್ಲಿಯೇ.

ಕಮಿಟಿಯ ಮುಖ್ಯಸ್ಥೆ ಎಂಬತ್ತು ದಾಟಿದ ಒಬ್ಬ ಅಜ್ಜಿ. ಅವರ ತಾಯಿಯ ಅಜ್ಜ, ಅಜ್ಜಿ, ಎಲ್ಲರೂ ಅಲ್ಲಿದ್ದಾರೆ. ವಾಕರ್ ನೂಕಿಕೊಂಡು ಬಂದು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಇವರು ಒಂದೊಂದೇ ಕಲ್ಲಿನ ಬುಡಕ್ಕೆ ಜಲ್ಲಿ ತುಂಬಿ ನೆಟ್ಟಗೆ ನಿಲ್ಲಿಸುವುದನ್ನು ನೋಡುತ್ತಿದ್ದರು. ನನಗೆಂದು ಪೀಚ್ ಹಣ್ಣಿನ ಜಾಮ್ ಕಳಿಸುತ್ತಿದ್ದರು. ಬೇರೆಯವರ ಹಿರಿಯರ ಸೇವೆ ಮಾಡುತ್ತೀರಿ, ನಮ್ಮ ಹಿತ್ತಲಿನ ಬೇಲಿ ಬಿದ್ದು ಹೋಗಿದೆ ಎಂದು ನಾನು ಚುಚ್ಚಿದರೆ ಇವರು ನಕ್ಕು ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದರು.

ಸ್ಮಶಾನದ ಬೇಲಿಯ ಆಚೆ, ಹಳ್ಳದ ಬದಿಯಲ್ಲಿ ಮಳೆನೀರಿನ ಪೈಪು ಹಾಕಲು ನೆಲ ಅಗೆದಾಗ ಓಕ್ಲಹೋಮದಿಂದ ಒಬ್ಬರು ಬಂದು ನಿಂತಿದ್ದರು. ಅವರು ಇಲ್ಲಿಯ ಮೂಲ ಜನರಲ್ಲೊಬ್ಬರು. ತಮ್ಮ ಜನರ ಹಳೆಯ ಸಮಾಧಿಗಳಿಗೆ ಏಟು ಬೀಳದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಒಂದು ಪೈಪಿಗಾಗಿ ಮೂರು ಗಂಟೆ ಪಿಕಪ್ ಓಡಿಸಿಕೊಂಡು ಬಂದು, ಬಿಸಿಲಿನಲ್ಲಿ ಸುಮ್ಮನೆ ನಿಂತು ಅಗೆಯುವುದನ್ನು ನೋಡಿ ಹೋಗುತ್ತಿದ್ದರು. ಇವರು ಅವರನ್ನು ಊಟಕ್ಕೆ ಮನೆಗೆ ಕರೆದುಕೊಂಡು ಬಂದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಇತ್ತು. ರೊಟ್ಟಿ ಮುರಿಯುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಗಾಡಿಗಳು ಬರುವುದಕ್ಕೆ ಮೊದಲು ಈ ಹಳ್ಳಗಳ ಉದ್ದಕ್ಕೂ ಊರುಗಳಿದ್ದವು ಎಂದು ಅವರು ಹೇಳಿದರು. ಕಾಡೋ, ವಿಚಿಟಾ, ಆಮೇಲೆ ಕೊಮಾಂಚಿ, ಹೀಗೆ ಬೇರೆ ಬೇರೆ ಜನ. ಹುಲ್ಲು ಹೊದೆಸಿದ ದುಂಡು ಮನೆಗಳು, ಮೆಕ್ಕೆಜೋಳ, ಕುಂಬಳ, ಬೀನ್ಸಿನ ಹೊಲಗಳು. ಎಲ್ಲರನ್ನೂ ಕೊನೆಗೆ ಕೆಂಪು ನದಿಯಾಚೆ ಓಕ್ಲಹೋಮಕ್ಕೆ ಅಟ್ಟಿದರು. ಜೀವಂತ ಇದ್ದವರು ನಡೆದು ಹೋದರು, ಸತ್ತವರು ಇಲ್ಲೇ ಉಳಿದರು. ಸತ್ತವರನ್ನು ಹೇಗೆ ಇಡುತ್ತಿದ್ದರು ಎಂದು ಇವರು ಕೇಳಿದರು. ಎಲ್ಲರೂ ಒಂದೇ ಥರ ಅಲ್ಲ, ಆದರೆ ಬಹಳ ಕಡೆ ಮೊಣಕಾಲು ಎದೆಗೆ ಮಡಿಸಿ, ಚರ್ಮದಲ್ಲಿ ಸುತ್ತಿ, ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ಕೂಡಿಸುತ್ತಿದ್ದರು ಎಂದರು. ಇವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಾವೂ ಕೂಡಿಸುತ್ತೇವೆ ಎಂದು ಇವರು ಹೇಳಿದ ಮೇಲೆ ಇಬ್ಬರಿಗೂ ಮಾತು ಮುಗಿಯಲೇ ಇಲ್ಲ. ನಾನು ಪಾತ್ರೆ ತೊಳೆದು, ಚಹಾ ಮಾಡಿ, ಮತ್ತೆ ಪಾತ್ರೆ ತೊಳೆದೆ. ಇವರಿಗೆ ಅಂಥ ಗೆಳೆಯರು ಇಲ್ಲಿ ಇನ್ನೊಬ್ಬರು ಸಿಗಲಿಲ್ಲ.

ಆಮೇಲೆ ಇವರಿಗೆ ಮೇದೋಜೀರಕದ ಕ್ಯಾನ್ಸರ್ ಎಂದು ತಿಳಿಯಿತು. ತಿಳಿದಾಗಲೇ ಹೊತ್ತು ಮೀರಿತ್ತು. ಆಸ್ಪತ್ರೆಯ ಮಾತು ನನಗೆ ಬರೆಯಲು ಆಗುವುದಿಲ್ಲ, ಬಿಟ್ಟುಬಿಡುತ್ತೇನೆ. ಚಿಕಿತ್ಸೆ ಸಾಕು ಎಂದು ಇವರೇ ನಿಲ್ಲಿಸಿ ಮನೆಗೆ ಬಂದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು ನಿಲ್ಲಿಸಿದರು.

“ನನ್ನ ಊರಿಗೆ ಒಯ್ಯಬ್ಯಾಡ. ಮಗಳು ಇಲ್ಲಿ ಅದಾಳ. ನನ್ನ ಕೂಡ್ಸು. ಕೂಡ್ಸಾಕ ಆಗ್ಲಿಲ್ಲಂದ್ರ ಸುಟ್ಟುಬಿಡು. ಸಿಮೆಂಟ್ ಡಬ್ಬಿಯೊಳಗ ಮಾತ್ರ ಮಲಗಿಸಬ್ಯಾಡ.”

ಕೂಡಿಸುತ್ತೇನೆ ಎಂದು ಮಾತು ಕೊಟ್ಟೆ. ಕೊಡುವಾಗ ಅದೇನು ದೊಡ್ಡ ಕೆಲಸ ಎಂದುಕೊಂಡಿದ್ದೆ. ಟೆಕ್ಸಾಸಿನಲ್ಲಿ ನೆಲಕ್ಕೇನು ಬರವೇ.

ಬರವಿರಲಿಲ್ಲ, ಆದರೆ ಮಲಗುವವರಿಗೆ ಮಾತ್ರ. ಇವರು ನಿದ್ದೆ ಹೋದಾಗಲೆಲ್ಲ ಗ್ಯಾರೇಜಿನಲ್ಲಿ ಕೂತು ಒಂದೊಂದೇ ಸ್ಮಶಾನಕ್ಕೆ ಫೋನ್ ಮಾಡಿದೆ. ಎಲ್ಲ ಕಡೆಯೂ ಬಹಳ ಸಭ್ಯವಾದ ದನಿಗಳು. ಕೂಡಿಸುವುದು ಎಂದ ಕೂಡಲೇ ಆ ದನಿ ನಿಯಮ ಓದತೊಡಗುತ್ತಿತ್ತು. ಪೆಟ್ಟಿಗೆ ಬೇಕು, ಪೆಟ್ಟಿಗೆಯ ಸುತ್ತ ಕಾಂಕ್ರೀಟಿನ ಇನ್ನೊಂದು ಪೆಟ್ಟಿಗೆ ಬೇಕು, ಇಲ್ಲದಿದ್ದರೆ ನೆಲ ಕುಸಿದು ಹುಲ್ಲು ಕೊಯ್ಯುವ ಯಂತ್ರ ಓಡುವುದಿಲ್ಲವಂತೆ. ಒಬ್ಬಾತ, ನಿಮ್ಮವರಿಗೆ ಕ್ರಿಮೇಷನ್ ಅಲ್ಲವೇ, ನನಗೆ ನಿಮ್ಮ ಧರ್ಮ ಗೊತ್ತು ಎಂದು ನನಗೇ ಪಾಠ ಹೇಳಿದ. ನನ್ನ ಮೈದುನ, ಇವರ ತಮ್ಮ, ಹ್ಯೂಸ್ಟನ್ ಹತ್ತಿರದ ದ ವುಡ್‌ಲ್ಯಾಂಡ್ಸ್‌ನಲ್ಲಿದ್ದಾನೆ. ಅವನು ಹ್ಯೂಸ್ಟನ್ ಕಡೆಯದೆಲ್ಲ ಪೇರ್ಲ್ಯಾಂಡ್‌ವರೆಗೂ ವಿಚಾರಿಸಿ ಕೈ ಚೆಲ್ಲಿದ. ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗಳು ಅಲ್ಲೇ ಹತ್ತಿರ ಒಂದು ಜಾಗ ಹುಡುಕಿದಳು. ಪೆಟ್ಟಿಗೆ ಬೇಡ, ಬಟ್ಟೆಯಲ್ಲಿ ಸುತ್ತಿ ಮಣ್ಣಿಗೆ ಇಡಬಹುದು, ಆದರೆ ಮಲಗಿಸಿಯೇ ಇಡಬೇಕು. ಇವರಿಗೆ ಹೇಳಿದೆ. ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿ ಬೇಡವೆಂದರು.

ಮನೆಗೆ ಊಟದ ಡಬ್ಬಿ ಹಿಡಿದು ಬರುತ್ತಿದ್ದ ಸಾಫ್ಟ್‌ವೇರ್ ಹುಡುಗರು, ಅವರ ಹೆಂಡತಿಯರು, ಆಂಟಿ, ಕ್ರಿಮೇಷನ್ ಈಸಿ, ನಾವೆಲ್ಲ ಅರೇಂಜ್ ಮಾಡ್ತೀವಿ ಎನ್ನುತ್ತಿದ್ದರು. ಒಳ್ಳೆಯ ಮಕ್ಕಳು. ಅವರ ಒಳ್ಳೆಯತನಕ್ಕೇ ನನ್ನ ಮೈ ಉರಿಯುತ್ತಿತ್ತು. ಸಾಯುವವರು ಇನ್ನೂ ಒಳಗೆ ಉಸಿರಾಡುತ್ತಿದ್ದಾರೆ, ಈ ಹುಡುಗರಿಗೆ ಯಾವುದು ಈಸಿ ಎಂಬ ಚಿಂತೆ.

ಕೊನೆಗೆ ಆ ಅಜ್ಜಿಯ ಬಾಗಿಲಿಗೆ ಹೋದೆ. ಹಳೆಯ ಕುಟುಂಬಗಳ ವಂಶದವರಿಗೆ ಬಿಟ್ಟು ಆ ಸ್ಮಶಾನದಲ್ಲಿ ಯಾರಿಗೂ ಜಾಗವಿಲ್ಲ ಎಂಬುದು ನನಗೂ ಗೊತ್ತಿತ್ತು. ಅಳಬಾರದು ಎಂದುಕೊಂಡೇ ಹೋಗಿದ್ದೆ, ಅಳಲಿಲ್ಲ, ಜಗಳವಾಡಿದೆ. ನಿಮ್ಮ ಅಜ್ಜ, ಮುತ್ತಜ್ಜರನ್ನೆಲ್ಲ ನೆಟ್ಟಗೆ ನಿಲ್ಲಿಸಿದವರಿಗೆ ಕೂರಲು ಜಾಗ ಕೊಡುವುದಿಲ್ಲವೇ ಎಂದು ಕೇಳಿದೆ. ಅವರು ನನಗೆ ನೀರು ಕೊಟ್ಟು ಕಳಿಸಿದರು. ವಾರ ಕಳೆದ ಮೇಲೆ ಫೋನ್ ಬಂತು. ಕಮಿಟಿ ಒಪ್ಪಿದೆ, ಪೂರ್ವದ ಮೂಲೆಯಲ್ಲಿ ಕೊಡುತ್ತೇವೆ, ಆ ಮೂಲೆ ಮೊದಲಿನಿಂದಲೂ ಖಾಲಿ, ಅಲ್ಲಿ ಯಾರೂ ಇಲ್ಲ ಎಂದರು.

ಇವರನ್ನು ಗಾಲಿಕುರ್ಚಿಯಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಆ ಮೂಲೆ ಹಳ್ಳದ ಕಡೆಗೆ ಮೆಲ್ಲಗೆ ಇಳಿಯುತ್ತದೆ. ಬೇಲಿಗೆ ತಾಗಿ ಹಳೆಯ ಮುಳ್ಳಿನ ಮರವೊಂದಿದೆ, ಬೋಡಾರ್ಕ್ ಎನ್ನುತ್ತಾರೆ. ಇವರು ಕುರ್ಚಿಯನ್ನು ಆ ಕಡೆ, ಈ ಕಡೆ ನೂಕಿಸಿದರು. ಇಲ್ಲಿ ನೀರು ನಿಲ್ಲುತ್ತದೆ, ಇಲ್ಲಿ ಬೇರು ಸಿಗುತ್ತದೆ ಎಂದು ಒಂದೊಂದೇ ಜಾಗ ಬಿಟ್ಟರು. ನಾನು ಬೆವರಿಳಿಸಿಕೊಂಡು ನೂಕುತ್ತಲೇ ಇದ್ದೆ. ಸೀರೆ ಆರಿಸುವುದಕ್ಕೆ ನಾನು ಇಷ್ಟು ಹೊತ್ತು ತೆಗೆದುಕೊಂಡಿದ್ದರೆ ನೀವು ಸುಮ್ಮನಿರುತ್ತಿದ್ದಿರೇನು ಎಂದೆ. ಕೊನೆಗೆ ಮರದಿಂದ ಸ್ವಲ್ಪ ಕೆಳಗೆ ಒಂದು ಕಡೆ ನಿಲ್ಲಿಸಿದರು. ನೀರು ಹರಿದು ಹೋಗುತ್ತದೆ, ಹಳ್ಳ ಕಾಣುತ್ತದೆ, ಬೆಳಗಿನ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ. “ಇದು ಕೂಡೂ ಜಾಗ” ಎಂದರು. ಆ ದಿನ ಇವರು ನೋವಿನ ಔಷಧಿ ಕೇಳದೆ ನಿದ್ದೆ ಮಾಡಿದರು. ನಾನೂ ನಿದ್ದೆ ಮಾಡಿದೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಇವರು ಹೋದರು. ಮೈದುನ, ಮಗಳು ಇಬ್ಬರೂ ಮೊದಲೇ ಬಂದು ಮನೆಯಲ್ಲಿದ್ದರು. ಮೈ ಬಿಗಿಯುವ ಮೊದಲೇ ಕೂಡಿಸಬೇಕು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು, ಮೈದುನ ಸೇರಿ ನಡುಮನೆಯ ಗೋಡೆಗೆ ಒರಗಿಸಿ ಕೂಡಿಸಿದೆವು. ಕೂಡಿಸುವುದು ಎಂದು ಬರೆದಷ್ಟು ಸಲೀಸಲ್ಲ ಅದು. ಕಾಲು ಮಡಿಸಿದರೆ ಮೈ ಜಾರುತ್ತದೆ, ಮೈ ಹಿಡಿದರೆ ತಲೆ ವಾಲುತ್ತದೆ. ಅವನು ಮೊಣಕಾಲು ಒತ್ತಿ ಹಿಡಿದಿದ್ದ, ನಾನು ಹಿಂದಿನಿಂದ ತಬ್ಬಿ ಬೆನ್ನಿಗೆ ಎದೆ ಕೊಟ್ಟು ಕೂತಿದ್ದೆ. ಮಗಳು ಅಪ್ಪನ ಗಲ್ಲ ಎತ್ತಿ ಹಿಡಿದಿದ್ದಳು. ಶಾಲು ಹಾಕಿ ಗೋಡೆಯ ಕಪಾಟಿನ ಹಿಡಿಕೆಗೆ ಕಟ್ಟಿದ ಮೇಲೂ ನನಗೆ ಕೈ ಬಿಡಲು ಧೈರ್ಯ ಬರಲಿಲ್ಲ. ಅಷ್ಟು ಹೊತ್ತು ಅವರನ್ನು ತಬ್ಬಿಕೊಂಡು ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು.

ಶನಿವಾರದವರೆಗೆ ತಂಪಿನಲ್ಲಿಡಲು ಒಯ್ಯಲು ಬಂದ ಫ್ಯೂನರಲ್ ಹೋಮ್‌ನವರು, ಕೂತ ಹೆಣವನ್ನು ವ್ಯಾನಿಗೆ ಹಾಕಲು ಆಗುವುದಿಲ್ಲ ಎಂದರು. ಅದು ಅವರ ನಿಯಮ. ನನ್ನ ಕಣ್ಣೆದುರಿಗೇ ಶಾಲು ಬಿಚ್ಚಿ, ಮಡಿಸಿದ ಕಾಲು ಒತ್ತಿ ನೆಟ್ಟಗೆ ಮಾಡಿ ಮಲಗಿಸಿದರು. ನಾನು ಕೂಗಾಡಿದೆ. ಮೈದುನ ನನ್ನ ಭುಜ ಹಿಡಿದು, ಬಿಗಿ ತಾನಾಗಿ ಬಿಡುತ್ತದೆ, ಕುಣಿಯ ಹತ್ತಿರವೇ ಮತ್ತೆ ಕೂಡಿಸೋಣ ಎಂದು ಸಮಾಧಾನ ಹೇಳಿದ. ಅದೊಂದೇ ಮಾತು ಹಿಡಿದುಕೊಂಡು ಆಮೇಲಿನ ದಿನಗಳನ್ನು ಕಳೆದೆ.

ಶನಿವಾರ ಬೆಳಿಗ್ಗೆ ಎಲ್ಲರೂ ಸ್ಮಶಾನದಲ್ಲಿ ಸೇರಿದೆವು. ಹಳೆಯ ಕಲ್ಲುಗಳಿಗೆ ಪೆಟ್ಟಾಗುತ್ತದೆಂದು ಯಂತ್ರ ತರಲು ಕಮಿಟಿ ಒಪ್ಪಿರಲಿಲ್ಲ. ಊಟದ ಡಬ್ಬಿ ತರುತ್ತಿದ್ದ ಆ ಕನ್ನಡ ಸಂಘದ ಹುಡುಗರೇ ಹೊಸ ಸಲಿಕೆ, ಗುದ್ದಲಿ ಕೊಂಡು ತಂದಿದ್ದರು. ಜಿಮ್ಮಿನಲ್ಲಿ ಬೆಳೆಸಿದ ತೋಳುಗಳು, ಸ್ವಲ್ಪ ಹೊತ್ತಿಗೇ ಅಂಗೈಯಲ್ಲಿ ಬೊಬ್ಬೆ. ಹಿಂದಿನ ದಿನವೇ ನೀರು ಬಿಟ್ಟು ನೆನೆಸಿದ್ದರೂ ಮಣ್ಣು ಗುದ್ದಲಿಗೆ ಅಂಟಿಕೊಂಡು ಮೇಲೇಳುತ್ತಿರಲಿಲ್ಲ. ಆದರೂ ಒಬ್ಬರೂ ಕೆಲಸ ಬಿಡಲಿಲ್ಲ. ಆಗ ಅವರ ಮೇಲಿನ ನನ್ನ ಸಿಟ್ಟೆಲ್ಲ ಇಳಿಯಿತು. ಪೇರ್ಲ್ಯಾಂಡ್‌ನಿಂದ ಅಯ್ಯನವರು ಬಂದಿದ್ದರು. ವಾರವೆಲ್ಲ ಆಫೀಸಿಗೆ ಹೋಗುವವರು, ಆದರೆ ಜಂಗಮರ ಮನೆತನ, ವಿಧಿಯೆಲ್ಲ ಬಲ್ಲವರು. ಕಮಿಟಿಯ ಅಜ್ಜಿ ಮರದ ಕೆಳಗೆ ಕುರ್ಚಿಯಲ್ಲಿದ್ದರು. ಗೇಟಿನ ಹತ್ತಿರ ವ್ಯಾನಿನಲ್ಲಿ ಇವರಿದ್ದರು, ಜೊತೆಗೆ ಮಗಳು ಕೂತಿದ್ದಳು.

ಕುಣಿ ಎದೆಮಟ್ಟಕ್ಕೆ ಬಂದಾಗ ಮೈದುನ ಇಳಿದು ಪಶ್ಚಿಮದ ಗೋಡೆಯಲ್ಲಿ ಗೂಡು ಕೊರೆಯತೊಡಗಿದ. ಅಣ್ಣನ ಗೂಡನ್ನು ತಾನೇ ಕೊರೆಯಬೇಕು ಎಂದು ಹಟ ಹಿಡಿದಿದ್ದ. ಸ್ವಲ್ಪ ಹೊತ್ತಿನ ಮೇಲೆ ಗುದ್ದಲಿಯ ಸದ್ದು ನಿಂತಿತು. ಬೇರು ಸಿಕ್ಕಿದೆ ಎಂದ. ಕೈಯಿಂದ ಮಣ್ಣು ಸರಿಸಿದ. ನಾನು ಕುಣಿಯ ಅಂಚಿನಲ್ಲಿ ಮಂಡಿಯೂರಿ ಬಗ್ಗಿ ನೋಡಿದೆ. ಬೇರಲ್ಲ, ಎರಡು ಮೊಣಕಾಲುಗಳು. ಅವುಗಳ ಹಿಂದೆ, ಮೊಣಕಾಲಿಗೆ ಹಣೆ ಹಚ್ಚಿದ ಹಾಗೆ, ಮಣ್ಣಿನ ಬಣ್ಣಕ್ಕೇ ತಿರುಗಿದ ತಲೆ.

ನನ್ನ ಗಂಡನ ಜಾಗದಲ್ಲಿ ಒಬ್ಬರು ಕೂತಿದ್ದರು.

ಅಲ್ಲಿಯವರೆಗೂ ನಾನು ದೇವರನ್ನು ಬೈದಿರಲಿಲ್ಲ, ಕ್ಯಾನ್ಸರ್ ಬಂದಾಗಲೂ ಬೈದಿರಲಿಲ್ಲ. ಆಗ ಬೈದೆ. ಎಷ್ಟು ಕಾಲದ ಹಿಂದೆ ಯಾರೋ ಇದೇ ಇಳಿಜಾರನ್ನು ನೋಡಿ, ನೀರು ನಿಲ್ಲುವುದಿಲ್ಲ, ಹಳ್ಳ ಕಾಣುತ್ತದೆ, ಬಿಸಿಲು ಮುಖಕ್ಕೆ ಬೀಳುತ್ತದೆ ಎಂದು ಆರಿಸಿದ್ದರು. ಇವರ ಕಣ್ಣಿಗೆ ಒಳ್ಳೆಯದೆನಿಸಿದ ಜಾಗ ಅವರ ಕಣ್ಣಿಗೂ ಒಳ್ಳೆಯದೆನಿಸಿತ್ತು. ಅಷ್ಟು ಚೆನ್ನಾಗಿ ಆರಿಸದೇ ಇದ್ದಿದ್ದರೆ ನನ್ನ ಗಂಡ ಈ ಹೊತ್ತಿಗೆ ಕೂತಿರುತ್ತಿದ್ದರು.

ಮೈದುನ ಮೇಲೆ ಹತ್ತಿ ಬಂದು ನನ್ನ ಪಕ್ಕ ಕುಕ್ಕರಿಸಿದ.

“ವೈನಿ, ಸ್ವಲ್ಪ ಸರಿಸಿದ್ರ ಆತ್ರಿ. ಒಂದು ಮಡಿ ಬಟ್ಟಿಯೊಳಗ ಕಟ್ಟಿ ಇಲ್ಲೇ ಬಾಜೂಕ ಇಡೂಣು. ಅಣ್ಣ ಅಲ್ಲಿ ವ್ಯಾನಿನ್ಯಾಗ ಕಾಯಾಕತ್ತಾನ್ರಿ.”

ಸುತ್ತ ನಿಂತ ಹುಡುಗರಲ್ಲಿ ಒಬ್ಬ, ಇಂಥದ್ದು ಸಿಕ್ಕರೆ ಕೆಲಸ ನಿಲ್ಲಿಸಿ ಅಧಿಕಾರಿಗಳಿಗೆ ಹೇಳಬೇಕು, ಆಮೇಲೆ ಈ ಮೂಲೆಯಲ್ಲಿ ಯಾರೂ ಸಲಿಕೆ ಹಾಕುವ ಹಾಗಿಲ್ಲ ಎಂದು ಮೆಲ್ಲಗೆ ಹೇಳಿದ. ಅವನು ಹೇಳಿದ್ದು ನಿಜವೇ. ಬೇರೆ ಮೂಲೆಯಿರಲಿಲ್ಲ, ಬೇರೆ ಸ್ಮಶಾನವಿರಲಿಲ್ಲ, ವ್ಯಾನಿನವರು ಇನ್ನು ಹೆಚ್ಚು ದಿನ ಇಟ್ಟುಕೊಳ್ಳಲಾಗದು ಎಂದು ಮೊದಲೇ ಹೇಳಿದ್ದರು.

ಅಷ್ಟರಲ್ಲಿ ಅಜ್ಜಿ ವಾಕರ್ ನೂಕಿಕೊಂಡು ಬಂದರು. ಕುಣಿಯೊಳಗೆ ಬಹಳ ಹೊತ್ತು ನೋಡಿದರು. ಅವರು ಇಂಗ್ಲಿಷಿನಲ್ಲಿ ಹೇಳಿದ ಮಾತು ನನಗೆ ಹೀಗೆ ನೆನಪಿದೆ:

“ಈ ನೆಲ ಮೊದಲು ತೋಡಿದಾಗಲೂ ಇಂಥವರು ಸಿಕ್ಕಿದ್ದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ತೆಗೆದು ಹಳ್ಳಕ್ಕೆ ಹಾಕಿ ನಮ್ಮವರನ್ನು ಮಲಗಿಸಿದರಂತೆ. ನಾನು ಇದನ್ನು ಯಾರಿಗೂ ಹೇಳಿಲ್ಲ. ನನ್ನ ಕಣ್ಣು ಈಗ ಮಂಜು. ನಾನು ಏನೂ ನೋಡಿಲ್ಲ. ನೀನು ಮುಗಿಸು, ಮಗಳೇ.”

ಅವರು ನನ್ನ ಬೆನ್ನು ಸವರಿದರು. ಅದು ಪ್ರೀತಿಯೇ, ಅನುಮಾನವಿಲ್ಲ. ತಮ್ಮ ಮನೆತನ ಮುಚ್ಚಿಟ್ಟಿದ್ದ ಮಾತನ್ನು ನನಗಾಗಿ ಬಿಚ್ಚಿ, ನನ್ನನ್ನೂ ಆ ಮನೆತನಕ್ಕೆ ಸೇರಿಸಿಕೊಂಡರು.

ನನಗೆ ಹೂಂ ಎಂದುಬಿಡುವ ಮನಸ್ಸಾಗಿತ್ತು. ಸುಳ್ಳು ಬರೆಯಲಾರೆ, ಆ ಎಲುಬುಗಳ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಇಷ್ಟು ಕಾಲ ಕೂತದ್ದು ಸಾಕು, ಇನ್ನು ಏಳಿ, ಇವರಿಗೆ ಜಾಗ ಬಿಡಿ ಎಂದು ಬಾಯಿಯವರೆಗೆ ಬಂದಿತ್ತು. ಅಯ್ಯನವರ ಮುಖ ನೋಡಿದೆ. “ತಾಯಿ, ಇದನ್ನ ನಾ ಹೇಳಾಕ ಆಗೂದಿಲ್ರಿ” ಎಂದು ಅವರು ವಿಭೂತಿಯ ಬುಟ್ಟಿಯನ್ನು ಕೆಳಗಿಟ್ಟರು.

ಇವರ ಫೋನ್ ನನ್ನ ಚೀಲದಲ್ಲೇ ಇತ್ತು. ಓಕ್ಲಹೋಮದ ಗೆಳೆಯನಿಗೆ ಕರೆ ಮಾಡಿದೆ. ದೊಡ್ಡ ಮನಸ್ಸಿನಿಂದ ಮಾಡಿದ್ದಲ್ಲ. ನನ್ನ ಗಂಡನ ಜೊತೆ ಕೂತು ರೊಟ್ಟಿ ಮುರಿದವರು, ನಿನ್ನ ಕಷ್ಟ ಗೊತ್ತು, ಸರಿಸು ಎಂದು ಒಂದು ಮಾತು ಹೇಳಿಬಿಡಲಿ ಎಂಬ ಆಸೆಯಿಂದ ಮಾಡಿದ್ದು. ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಮುಖ ಯಾವ ಕಡೆಗಿದೆ ಎಂದು. ಪೂರ್ವಕ್ಕೆ ಎಂದೆ. ಆಮೇಲೆ ಅವರು ಅಳುತ್ತಿರುವುದು ಕೇಳಿಸಿತು. ಸರಿಸಿ ಎನ್ನಲು ನನ್ನಿಂದ ಆಗದು, ಇವತ್ತು ನಿಮಗೆ ಬೇಡ ಎನ್ನಲೂ ಬಾಯಿ ಬರುತ್ತಿಲ್ಲ ಎಂದರು. ಈಗಲೇ ಹೊರಡುತ್ತೇನೆ ಎಂದು ಫೋನ್ ಇಟ್ಟರು.

ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. ನಾನು ಮತ್ತೊಮ್ಮೆ ಬಗ್ಗಿದೆ. ಬೆನ್ನು ಗೋಡೆಗೆ ಒರಗಿತ್ತು, ತಲೆ ಮುಂದಕ್ಕೆ ಬಾಗಿತ್ತು, ಕಾಲು ಜಾರಿರಲಿಲ್ಲ. ಸತ್ತವರು ತಾವಾಗಿ ಹಾಗೆ ಕೂರುವುದಿಲ್ಲ. ಅದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೋ ಒಬ್ಬರು ಮೊಣಕಾಲು ಒತ್ತಿ ಹಿಡಿದಿದ್ದಾರೆ, ಯಾರೋ ಒಬ್ಬರು ಹಿಂದಿನಿಂದ ತಬ್ಬಿಕೊಂಡಿದ್ದಾರೆ, ಮಣ್ಣು ಎದೆಮಟ್ಟಕ್ಕೆ ಬಂದು ತಾನೇ ಹಿಡಿದುಕೊಳ್ಳುವ ತನಕ ಕೈ ಬಿಟ್ಟಿಲ್ಲ. ಆ ತಬ್ಬಿಕೊಂಡವಳ ಕೈಯನ್ನು ನಾನು ಹೇಗೆ ಬಿಡಿಸಲಿ.

“ಮುಚ್ಚು” ಎಂದೆ ಮೈದುನನಿಗೆ.

ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದು ಬೇಡವಾಯಿತೋ. ನಾನೇ ಕುಣಿಗಿಳಿದು ಮಣ್ಣನ್ನು ಎರಡೂ ಕೈಯಿಂದ ಬಾಚಿ ಗೂಡಿಗೆ ತುಂಬತೊಡಗಿದೆ. ಮೊದಲು ಮೊಣಕಾಲ ಸುತ್ತ, ಆಮೇಲೆ ತಲೆಯ ಮೇಲೆ. ಅಯ್ಯನವರು ಅಭ್ಯಾಸಬಲದಿಂದ ವಿಭೂತಿಗೆ ಕೈ ಹಾಕಿದರು. ಬ್ಯಾಡ್ರಿ, ಅವರು ನಮ್ಮವರಲ್ಲ ಎಂದೆ. ಹುಡುಗರು ಸಲಿಕೆ ಎತ್ತಿಕೊಂಡರು. ಮೈದುನ ಮರಕ್ಕೆ ಹಣೆ ಹಚ್ಚಿ ನಿಂತಿದ್ದ. ಅಜ್ಜಿ ನನ್ನನ್ನು ನೋಡಲಿಲ್ಲ, ವಾಕರ್ ತಿರುಗಿಸಿಕೊಂಡು ತಮ್ಮವರ ಕಲ್ಲುಗಳ ಕಡೆಗೆ ಹೋದರು. ಅಧಿಕಾರಿಗಳಿಗೆ ಫೋನ್ ಮಾಡುವ ಕೆಲಸವನ್ನು ಆ ಹುಡುಗನೇ ಮಾಡಿದ. ಈಗ ಆ ಮೂಲೆಗೆ ಬೇರೆ ಬೇಲಿ ಹಾಕಿದ್ದಾರೆ.

ಬೆಂಕಿಯ ಕೆಲಸ ನಿಜಕ್ಕೂ ಈಸಿ. ಹುಡುಗರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೋಮವಾರ ತಣ್ಣನೆಯ ಒಂದು ಕೋಣೆಯಲ್ಲಿ ಇವರನ್ನು ಮಲಗಿಸಿದ್ದರು. ಲಿಂಗವನ್ನು ಬೆಂಕಿಗೆ ಕೊಡುವಂತಿಲ್ಲ, ನೀವೇ ತೆಗೆದುಕೊಳ್ಳಿ ಎಂದು ಅಯ್ಯನವರು ಹೇಳಿದರು. ತೊಟ್ಟಿಲಲ್ಲಿದ್ದಾಗ ಕಟ್ಟಿದ್ದನ್ನು ಬದುಕಿದ್ದಾಗ ಒಂದು ಗಳಿಗೆಯೂ ಬಿಟ್ಟಿರದವರು. ಗಂಟು ಬಿಚ್ಚಲು ನನ್ನಿಂದ ಆಗಲಿಲ್ಲ, ಮಗಳು ಕತ್ತರಿ ಕೇಳಿ ತಂದಳು. ಗೋಡೆಯ ಮೇಲೆ ಒಂದು ಬಟನ್ ಇತ್ತು. ಮನೆಯವರೇ ಒತ್ತಬಹುದು, ಹಿಂದೂಗಳು ಹಾಗೆ ಮಾಡುತ್ತಾರೆ ಎಂದು ಅಲ್ಲಿನವನು ಗೌರವದಿಂದಲೇ ಹೇಳಿದ. ಮೈದುನ ಹೊರಗೆ ಹೋಗಿಬಿಟ್ಟ. “ಅಮ್ಮಾ, ಐ ವಿಲ್ ಡೂ ಇಟ್” ಎಂದು ಮಗಳು ಮುಂದೆ ಬಂದಳು. ಅವಳನ್ನು ಹಿಂದಕ್ಕೆ ಸರಿಸಿ ನಾನೇ ಒತ್ತಿದೆ. ನಮ್ಮ ಎರಡೂ ಮನೆತನಗಳಲ್ಲಿ ಬೆಂಕಿಗೆ ಹೋದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ನೀವು ಮಾಡಿದ್ದು ದೊಡ್ಡ ಕೆಲಸ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಓಕ್ಲಹೋಮದ ಗೆಳೆಯರು ಬಂದು ನನ್ನ ಎರಡೂ ಕೈ ಹಿಡಿದು ಕೂತು ಹೋದರು. ಸರಿಯಾದದ್ದನ್ನೇ ಮಾಡಿರಬಹುದು, ನಾನು ಇಲ್ಲವೆನ್ನುವುದಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಮನಸ್ಸು ಆ ಇಳಿಜಾರಿಗೆ ಹೋಗುತ್ತದೆ. ಯಾರೋ ನನಗೆ ಗೊತ್ತಿಲ್ಲದವರು ಅಲ್ಲಿ ಬಿಸಿಲಿಗೆ ಮುಖ ಮಾಡಿ ಕೂತಿದ್ದಾರೆ. ನನ್ನ ಗಂಡ ಎಲ್ಲೂ ಕೂತಿಲ್ಲ.